ರಕ್ತ ಕ್ಯಾನ್ಸರಿಗೆ ಕೀಮೋ ನಡೆಯುವಾಗ ಲಿವರಿನ ಮೇಲೆ ಕಣ್ಣಿಡುವುದು ಹೇಗೆ: ಮನೆಯವರಿಗೊಂದು ಮಾರ್ಗದರ್ಶಿ

ಕೀಮೋ ಶುರುವಾಗಿ ಮೂರು ವಾರ ಕಳೆದ ಮೇಲೆ ಬರುವ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ, ಲಿವರಿಗಾದ ಗಾಯವನ್ನು ತಿಳಿಸುವ ಎಸ್‌ಜಿಪಿಟಿ ಎಂಬ ಸಾಲಿನ ಎದುರು 40ರ ಆಸುಪಾಸಿನಲ್ಲಿರಬೇಕಾದ ಅಂಕಿ 210 ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಅದೇ ಮನೆಯವರು ಮಗುವಿನ ಕಣ್ಣಿನ ಬಿಳಿಭಾಗ ನಾಲ್ಕು ದಿನಗಳಿಂದ ಹಳದಿಯಾಗಿದ್ದರೂ "ಉಷ್ಣ ಜಾಸ್ತಿಯಾಗಿದೆ, ಎಳನೀರು ಕೊಟ್ಟರೆ ಸರಿಹೋಗುತ್ತೆ" ಎಂದು ಸುಮ್ಮನಿದ್ದುದನ್ನೂ ನಾನು ಕಂಡಿದ್ದೇನೆ. ಮೈಸೂರಿನ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ಹಲವು ವರ್ಷ ಶುಶ್ರೂಷಕಿಯಾಗಿ ದುಡಿದ ನನ್ನ ಮಟ್ಟಿಗೆ, ರೋಗಿಗಳಿಗೆ ಹೆಚ್ಚು ತೊಂದರೆಯಾದದ್ದು ಈ ಅದಲು ಬದಲಿನಿಂದಲೇ: ಹೆದರಬೇಕಿಲ್ಲದ ಕಡೆ ಹೆದರಿ ಮಾತ್ರೆ ನಿಲ್ಲಿಸಿಬಿಡುವುದು, ಓಡಬೇಕಾದ ಕಡೆ ಕಾದು ಕೂರುವುದು. ಯಾವುದು ಯಾವುದೆಂದು ಮನೆಯಲ್ಲೇ ಗುರುತಿಸಿಕೊಳ್ಳಲು ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವುದು ನಿಮ್ಮ ವೈದ್ಯರ ಮಾತಿಗೆ ಬದಲಿಯಲ್ಲ. ಅವರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಸಿದ್ಧತೆ.

ಲಿವರಿಗೇ ಏಕೆ ಪೆಟ್ಟು?

ನಮ್ಮ ಕಡೆ ಈಲಿ ಎಂದು ಕರೆಯುವ, ಪುಸ್ತಕಗಳಲ್ಲಿ ಯಕೃತ್ತು ಎಂದು ಬರೆಯುವ ಲಿವರ್ ಹೊಟ್ಟೆಯ ಬಲ ಮೇಲ್ಭಾಗದಲ್ಲಿ, ಪಕ್ಕೆಲುಬಿನ ಮರೆಯಲ್ಲಿ ಇರುತ್ತದೆ. ದೊಡ್ಡವರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋ. ನಾವು ನುಂಗುವ ಮಾತ್ರೆಗಳಲ್ಲಿ, ಚುಚ್ಚಿಸಿಕೊಳ್ಳುವ ಇಂಜೆಕ್ಷನ್‌ಗಳಲ್ಲಿ ಹೆಚ್ಚಿನವನ್ನು ಒಡೆದು, ದೇಹ ಹೊರಹಾಕಬಹುದಾದ ರೂಪಕ್ಕೆ ತರುವುದು ಇದೇ. ಕೀಮೋ ಔಷಧಗಳು ಕ್ಯಾನ್ಸರ್ ಕಣಗಳನ್ನು ಕೊಲ್ಲುವಷ್ಟು ಬಲವುಳ್ಳವು. ಅವು ಹಾದುಹೋಗುವ ದಾರಿಯಲ್ಲಿರುವ ಲಿವರಿಗೂ ಬಿಸಿ ತಟ್ಟುತ್ತದೆ. ಆದರೆ ರಕ್ತ ಕ್ಯಾನ್ಸರಿನ ರೋಗಿಯ ಲಿವರ್ ಕೆಟ್ಟಿತೆಂದರೆ ಅದಕ್ಕೆಲ್ಲ ಕೀಮೋ ಒಂದೇ ಕಾರಣವೆಂದು ತಿಳಿಯಬಾರದು. ಕ್ಯಾನ್ಸರ್ ಕಣಗಳೇ ಲಿವರಿನಲ್ಲಿ ತುಂಬಿಕೊಂಡಿರಬಹುದು, ಹೆಪಟೈಟಿಸ್ ವೈರಾಣು ಎದ್ದಿರಬಹುದು, ಬಿಳಿ ರಕ್ತಕಣ ಇಳಿದಾಗ ನುಗ್ಗಿದ ಸೋಂಕು ಇರಬಹುದು, ಬೂಷ್ಟು ಜಾತಿಯ ಸೋಂಕಿಗೆ ಕೊಡುವ ಮಾತ್ರೆಯದೇ ಪರಿಣಾಮವಿರಬಹುದು, ಮತ್ತೆ ಮತ್ತೆ ಏರಿಸಿದ ರಕ್ತದಿಂದ ಕಬ್ಬಿಣ ಕೂಡಿಕೊಂಡಿರಬಹುದು. ಕಾರಣ ಬೇರೆಯಾದಂತೆ ಚಿಕಿತ್ಸೆಯೂ ಬೇರೆಯಾಗುವುದರಿಂದಲೇ, "ಲಿವರಿಗೆ ಒಂದು ಟಾನಿಕ್" ಎಂದು ಅಂಗಡಿಯಿಂದ ತರುವುದರಲ್ಲಿ ಅರ್ಥವಿಲ್ಲ.

ಮೊದಲ ಹೆಜ್ಜೆ: ಕೀಮೋಗೆ ಮುನ್ನವೇ ಕೇಳಿ ತಿಳಿಯಬೇಕಾದದ್ದು

ಚಿಕಿತ್ಸೆ ಶುರುವಾಗುವ ಮುನ್ನ ಲಿವರ್ ಹೇಗಿತ್ತು ಎಂಬುದು ದಾಖಲಾಗಿರಬೇಕು. ಲಿವರ್ ಫಂಕ್ಷನ್ ಟೆಸ್ಟ್ ಎಂಬ ರಕ್ತಪರೀಕ್ಷೆಯನ್ನು ಸಾಮಾನ್ಯವಾಗಿ ಆಸ್ಪತ್ರೆಯವರೇ ಮಾಡಿಸುತ್ತಾರೆ. ಆ ಮೊದಲ ರಿಪೋರ್ಟಿನ ಜೆರಾಕ್ಸ್ ನಿಮ್ಮ ಕೈಯಲ್ಲಿರಲಿ. ಮುಂದೆ ಬರುವ ಪ್ರತಿಯೊಂದು ಅಂಕಿಯನ್ನೂ ಅದರೊಡನೆ ಹೋಲಿಸಬೇಕಾಗುತ್ತದೆ.

ಇದರ ಜೊತೆಗೆ ತಪ್ಪದೆ ಕೇಳಬೇಕಾದದ್ದು ಹೆಪಟೈಟಿಸ್ ಬಿ ಪರೀಕ್ಷೆ. ನಮ್ಮ ದೇಶದಲ್ಲಿ 100 ಜನರಲ್ಲಿ ಸುಮಾರು 2ರಿಂದ 4 ಮಂದಿಯ ರಕ್ತದಲ್ಲಿ ಈ ವೈರಾಣು ಇರುತ್ತದೆ, ಬಹುಪಾಲು ಮಂದಿಗೆ ಅದರ ಅರಿವೇ ಇರುವುದಿಲ್ಲ. ಮಕ್ಕಳ ಲಸಿಕೆಯ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ದೇಶದಾದ್ಯಂತ ಸೇರಿದ್ದು 2011ರ ಹೊತ್ತಿಗೆ. ಹಾಗಾಗಿ ಈಗಿನ ವಯಸ್ಕರಲ್ಲಿ ಅನೇಕರಿಗೆ ಲಸಿಕೆ ಬಿದ್ದಿಲ್ಲ. ವರ್ಷಗಟ್ಟಲೆ ಮಲಗಿದ್ದ ವೈರಾಣು, ಕೀಮೋ ಮತ್ತು ಸ್ಟೀರಾಯ್ಡ್‌ಗಳಿಂದ ದೇಹದ ಕಾವಲು ಸಡಿಲವಾದ ಕೂಡಲೇ ಎದ್ದು ಲಿವರನ್ನು ವಾರಗಳಲ್ಲೇ ಹಾಳುಮಾಡಬಲ್ಲದು. ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಕೊಡುವಾಗ ಈ ಅಪಾಯ ಇನ್ನೂ ಹೆಚ್ಚು. ಇದನ್ನು ತಡೆಯುವುದು ಕಷ್ಟವಲ್ಲ. ಎಂಟೆಕಾವಿರ್ ಅಥವಾ ಟೆನೊಫೊವಿರ್ ಎಂಬ ದಿನಕ್ಕೊಂದು ಮಾತ್ರೆಯನ್ನು ಕೀಮೋ ಜೊತೆಗೇ ಶುರುಮಾಡಿದರೆ ವೈರಾಣು ತಲೆಯೆತ್ತುವುದಿಲ್ಲ. ಎಚ್‌ಬಿಎಸ್‌ಎಜಿ ಎಂಬ ಒಂದು ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ಸಾಲದು, ಹಳೆಯ ಸೋಂಕಿನ ಗುರುತು ಹೇಳುವ ಆಂಟಿ ಎಚ್‌ಬಿಸಿ ಪರೀಕ್ಷೆಯೂ ಆಗಿದೆಯೇ ಎಂದು ಕೇಳಿ. ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಔಷಧಗಳು ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ಮಂಡ್ಯದವರು ಮಿಮ್ಸ್‌ನಲ್ಲಿ, ಮೈಸೂರಿನವರು ಕೆ.ಆರ್. ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಬಹುದು.

ಮೊದಲ ಭೇಟಿಯಲ್ಲಿ ವೈದ್ಯರಿಗೆ ಬಚ್ಚಿಡದೆ ಹೇಳಬೇಕಾದ ಸಂಗತಿಗಳೂ ಇವೆ. ಕುಡಿತದ ಅಭ್ಯಾಸ, ಸಕ್ಕರೆ ಕಾಯಿಲೆ, ಮೈ ಭಾರ, ಹಿಂದೆ ಸ್ಕ್ಯಾನಿಂಗ್‌ನಲ್ಲಿ ಲಿವರಿನಲ್ಲಿ ಕೊಬ್ಬಿದೆ ಎಂದು ಬರೆದಿದ್ದದ್ದು, ಚಿಕ್ಕಂದಿನಲ್ಲಿ ಬಂದು ಹೋದ ಕಾಮಾಲೆ, ಟಿಬಿ ಮಾತ್ರೆ ತಿಂದದ್ದು, ಫಿಟ್ಸ್ ಮಾತ್ರೆ ತಿನ್ನುತ್ತಿರುವುದು, ಇವೆಲ್ಲವೂ ಔಷಧದ ಆಯ್ಕೆಯನ್ನೂ ಪ್ರಮಾಣವನ್ನೂ ಬದಲಿಸುತ್ತವೆ. ಕುಡಿತದ ವಿಷಯವನ್ನು ಹೆಂಡತಿ ಮಕ್ಕಳ ಮುಂದೆ ಹೇಳಲು ಸಂಕೋಚಪಡುವವರು ಬಹಳ. ಅಂಥವರು ವೈದ್ಯರ ಬಳಿ ಒಬ್ಬರೇ ಐದು ನಿಮಿಷ ಮಾತಾಡಬೇಕೆಂದು ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ.

ಎರಡನೆಯ ಹೆಜ್ಜೆ: ಕೊಡುತ್ತಿರುವ ಔಷಧ ಯಾವುದೆಂದು ಹೆಸರು ಹಿಡಿದು ತಿಳಿಯಿರಿ

"ಕೀಮೋ ಕೊಟ್ಟರು" ಎಂದಷ್ಟೇ ತಿಳಿದರೆ ಸಾಲದು, ಏಕೆಂದರೆ ಒಂದೊಂದು ಔಷಧ ಲಿವರನ್ನು ಒಂದೊಂದು ರೀತಿಯಲ್ಲಿ ಕಾಡುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎಎಲ್‌ಎಲ್ ಎಂಬ ರಕ್ತ ಕ್ಯಾನ್ಸರಿಗೆ ಕೊಡುವ ಆಸ್ಪರಾಜಿನೇಸ್ ಇಂಜೆಕ್ಷನ್, ಲಿವರ್ ತಯಾರಿಸುವ ಪ್ರೋಟೀನುಗಳನ್ನೇ ಕಡಿಮೆ ಮಾಡುತ್ತದೆ. ಇದರಿಂದ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದು ಕಾಲು ಊದಬಹುದು. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಏರುಪೇರಾಗಿ ಒಮ್ಮೊಮ್ಮೆ ರಕ್ತಸ್ರಾವವೂ ಒಮ್ಮೊಮ್ಮೆ ರಕ್ತನಾಳದಲ್ಲಿ ಗಡ್ಡೆಯೂ ಆಗಬಹುದು. ಬಿಲಿರುಬಿನ್ ಎಂಬ ಪಿತ್ತದ ಬಣ್ಣ ಏರಿ ಕಣ್ಣು ಹಳದಿಯಾಗಬಹುದು. ದೀರ್ಘಕಾಲ ಕೆಲಸಮಾಡುವ ಪೆಗ್ ರೂಪದ ಇಂಜೆಕ್ಷನ್ ಆದರೆ ಈ ಪರಿಣಾಮ ಎರಡು ಮೂರು ವಾರ ತಡವಾಗಿ ಕಾಣಿಸಬಹುದು. ಮಕ್ಕಳಿಗಿಂತ ವಯಸ್ಕರಲ್ಲಿ, ಅದರಲ್ಲೂ ಮೈತೂಕ ಹೆಚ್ಚಿರುವವರಲ್ಲಿ ಇದು ತೀವ್ರವಾಗಿರುತ್ತದೆ.

ವಿನ್ಕ್ರಿಸ್ಟಿನ್ ಮತ್ತು ಡೌನೊರುಬಿಸಿನ್ ಲಿವರನ್ನು ಅಷ್ಟಾಗಿ ಕೆಡಿಸುವುದಿಲ್ಲ, ಆದರೆ ಅವು ದೇಹದಿಂದ ಹೊರಹೋಗುವುದು ಪಿತ್ತರಸದ ಮೂಲಕ. ಬಿಲಿರುಬಿನ್ ಏರಿರುವಾಗ ಅದೇ ಪ್ರಮಾಣ ಕೊಟ್ಟರೆ ಔಷಧ ಒಳಗೇ ಹೆಚ್ಚು ಹೊತ್ತು ನಿಂತು ನರಗಳಿಗೆ, ರಕ್ತಕಣಗಳಿಗೆ ಏಟು ಕೊಡುತ್ತದೆ. ವೈದ್ಯರು ರಿಪೋರ್ಟ್ ನೋಡದೆ ಇಂಜೆಕ್ಷನ್ ಬರೆಯದಿರುವುದು ಇದಕ್ಕಾಗಿಯೇ ಹೊರತು ನಿಮ್ಮನ್ನು ಕಾಯಿಸುವುದಕ್ಕಲ್ಲ. ಸೈಟರಬಿನ್, ಎಪಿಎಲ್ ಎಂಬ ಬಗೆಯ ರಕ್ತ ಕ್ಯಾನ್ಸರಿಗೆ ಕೊಡುವ ರೆಟಿನೊಯಿಕ್ ಆಮ್ಲ ಮತ್ತು ಆರ್ಸೆನಿಕ್, ಸಿಎಂಎಲ್ ಎಂಬ ಇನ್ನೊಂದು ಬಗೆಯದಕ್ಕೆ ಕೊಡುವ ಇಮಾಟಿನಿಬ್ ಮಾತ್ರೆ, ಇವೂ ಲಿವರ್ ಕಿಣ್ವಗಳನ್ನು ಏರಿಸುತ್ತವೆ. ಇಮಾಟಿನಿಬ್ ತಿನ್ನುವವರು ಚಕ್ಕೋತ ಜಾತಿಯ ಹಣ್ಣುಗಳಿಂದ ದೂರವಿರುವುದು ಒಳ್ಳೆಯದು, ಏಕೆಂದರೆ ಅವುಗಳ ರಸ ಔಷಧ ಒಡೆಯುವ ಕಿಣ್ವವನ್ನು ತಡೆದು ರಕ್ತದಲ್ಲಿ ಔಷಧದ ಮಟ್ಟವನ್ನು ಏರಿಸುತ್ತದೆ.

ಮನೆಯಲ್ಲಿ ನುಂಗಿಸುವ ಎರಡು ಮಾತ್ರೆಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಎಲ್‌ಎಲ್ ಚಿಕಿತ್ಸೆಯ ಕೊನೆಯ ಹಂತ ಸುಮಾರು ಎರಡು ವರ್ಷ ನಡೆಯುತ್ತದೆ. ಆಗ ಪ್ರತಿದಿನ ಮರ್ಕಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಈ "ವಾರಕ್ಕೊಮ್ಮೆ" ಎಂಬುದನ್ನು ದಿನಕ್ಕೊಮ್ಮೆ ಎಂದು ತಪ್ಪು ತಿಳಿದು ಒಂದು ವಾರ ಪೂರ್ತಿ ನುಂಗಿಸಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು, ಲಿವರ್ ಕೆಟ್ಟು ಪ್ರಾಣಕ್ಕೇ ಕುತ್ತು ಬರುತ್ತದೆ. ಅಪ್ಪ ಅಮ್ಮ ಗದ್ದೆಗೆ ಹೋದಾಗ ಓದಲು ಬಾರದ ಅಜ್ಜಿ ಪ್ರೀತಿಯಿಂದಲೇ ದಿನಾ ಎರಡೂ ಮಾತ್ರೆ ಕೊಟ್ಟುಬಿಟ್ಟ ಒಂದು ಮಗುವನ್ನು ವಾರ್ಡಿನಲ್ಲಿ ನೋಡಿಕೊಂಡ ದಿನಗಳು ನನಗೆ ಇನ್ನೂ ಮರೆತಿಲ್ಲ. ಆದ್ದರಿಂದ ಮೆಥೊಟ್ರೆಕ್ಸೇಟನ್ನು ಬೇರೆ ಡಬ್ಬಿಯಲ್ಲಿ, ಬೇರೆ ಕಪಾಟಿನಲ್ಲಿ ಇಡಿ. ವಾರದಲ್ಲಿ ಅದನ್ನು ಕೊಡುವ ಒಂದು ದಿನವನ್ನು ನಿಗದಿಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆಲ್ಲ ಕೆಂಪು ಸುತ್ತು ಹಾಕಿ, ಕೊಟ್ಟ ಕೂಡಲೇ ಅದರ ಮೇಲೆ ಗೆರೆ ಎಳೆಯಿರಿ. ಕೊಡುವ ಕೆಲಸ ಮನೆಯಲ್ಲಿ ಒಬ್ಬರದೇ ಆಗಿರಲಿ.

ಮರ್ಕಾಪ್ಟೊಪ್ಯೂರಿನ್ ವಿಷಯದಲ್ಲಿ ಆಗುವ ತಪ್ಪು ಇದಕ್ಕೆ ತಿರುಗುಮುರುಗು. ಈ ಮಾತ್ರೆ ತಿನ್ನುವ ಮಕ್ಕಳಲ್ಲಿ ಎಸ್‌ಜಿಪಿಟಿ ಹಲವು ಪಟ್ಟು ಏರುವುದು ಸಾಮಾನ್ಯ, ಬಿಲಿರುಬಿನ್ ಸರಿಯಾಗಿರುವ ತನಕ ವೈದ್ಯರು ಬಹುಮಟ್ಟಿಗೆ ಮಾತ್ರೆ ಮುಂದುವರಿಸುತ್ತಾರೆ. ಅಂಕಿ ಕಂಡು ಹೆದರಿ ಮನೆಯವರೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಏರುತ್ತದೆ. 100 ದಿನಗಳಲ್ಲಿ ಐದಕ್ಕಿಂತ ಹೆಚ್ಚು ದಿನ ಮಾತ್ರೆ ತಪ್ಪಿದರೂ ಆ ಅಪಾಯ ಸ್ಪಷ್ಟವಾಗಿ ಹೆಚ್ಚುವುದನ್ನು ವೈದ್ಯರು ಕಂಡುಕೊಂಡಿದ್ದಾರೆ. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಈ ಔಷಧವನ್ನು ಒಡೆಯುವ ಶಕ್ತಿ ಕಡಿಮೆ ಇರುತ್ತದೆ, ಅಂಥವರಿಗೆ ಸಣ್ಣ ಪ್ರಮಾಣವೇ ಹೆಚ್ಚಾಗಿ ರಕ್ತಕಣಗಳು ಕುಸಿಯುತ್ತವೆ. ಇದನ್ನು ಮೊದಲೇ ತಿಳಿಸುವ ಟಿಪಿಎಂಟಿ ಮತ್ತು ಎನ್‌ಯುಡಿಟಿ15 ಎಂಬ ಜೀನ್ ಪರೀಕ್ಷೆಗಳಿವೆ. ನಮ್ಮ ದೇಶದವರಲ್ಲಿ ಎರಡನೆಯದರ ವ್ಯತ್ಯಾಸ ಹೆಚ್ಚಾಗಿ ಕಾಣುತ್ತದೆ. ಯೂರಿಕ್ ಆಮ್ಲಕ್ಕೆಂದು ಅಲೊಪ್ಯೂರಿನಾಲ್ ತಿನ್ನುತ್ತಿದ್ದರೆ ಅದನ್ನು ವೈದ್ಯರಿಗೆ ಮತ್ತೊಮ್ಮೆ ನೆನಪಿಸಿ. ಎರಡೂ ಕೂಡಿದರೆ ಮರ್ಕಾಪ್ಟೊಪ್ಯೂರಿನ್ ದೇಹದಲ್ಲಿ ಅಪಾಯಕರವಾಗಿ ಏರುತ್ತದೆ.

ಆಸ್ಪತ್ರೆಯಲ್ಲೇ ಕೊಡುವ ಹೆಚ್ಚು ಪ್ರಮಾಣದ ಮೆಥೊಟ್ರೆಕ್ಸೇಟ್ ಬೇರೆಯೇ ಮಾತು. ಅದರ ಹಿಂದೆಯೇ ಎಸ್‌ಜಿಪಿಟಿ ನೂರುಗಳಲ್ಲಿ ಜಿಗಿದು, ಒಂದೆರಡು ವಾರದಲ್ಲಿ ತಾನಾಗಿ ಇಳಿಯುವುದು ಸಾಮಾನ್ಯ. ಆ ದಿನಗಳಲ್ಲಿ ಬಾಟಲಿಗಟ್ಟಲೆ ಡ್ರಿಪ್ ಹಾಕುವುದು, ಮೂತ್ರ ಪರೀಕ್ಷಿಸುತ್ತಲೇ ಇರುವುದು, ಗಂಟೆ ಲೆಕ್ಕದಲ್ಲಿ ಲ್ಯೂಕೊವೊರಿನ್ ಕೊಡುವುದು, ಇವೆಲ್ಲ ಔಷಧವನ್ನು ಬೇಗ ತೊಳೆದು ಹೊರಹಾಕಲು, ಒಳ್ಳೆಯ ಕಣಗಳನ್ನು ಉಳಿಸಲು. ಆಗ ಮೈಕೈ ನೋವೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಹೊರಗಿನಿಂದ ತಂದು ಕೊಡಲೇಬಾರದು.

ಮೂರನೆಯ ಹೆಜ್ಜೆ: ಒಂದು ನೋಟ್‌ಬುಕ್

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಪುಟದಲ್ಲಿ ತಾರೀಖು, ಆ ದಿನ ಕೊಟ್ಟ ಇಂಜೆಕ್ಷನ್, ಮನೆಯ ಮಾತ್ರೆ, ಜ್ವರ, ತೂಕ, ಏರಿಸಿದ ರಕ್ತದ ಬಾಟಲಿ. ಹಿಂದಿನ ಪುಟಗಳಿಂದ ತಿರುಗಿಸಿಕೊಂಡು ರಕ್ತಪರೀಕ್ಷೆಯ ಅಂಕಿಗಳನ್ನು ಸಾಲಾಗಿ ಬರೆಯಿರಿ. ಕೆ.ಆರ್. ಪೇಟೆಯಿಂದಲೋ ಮಳವಳ್ಳಿಯಿಂದಲೋ ಬರುವವರು ಊರಿನ ಲ್ಯಾಬಿನಲ್ಲೇ ರಕ್ತ ಕೊಟ್ಟು ರಿಪೋರ್ಟನ್ನು ಮೈಸೂರಿಗೆ ತರುವುದುಂಟು. ಅದರಲ್ಲಿ ತಪ್ಪಿಲ್ಲ, ಆದರೆ ಪ್ರತಿಸಲ ಒಂದೇ ಲ್ಯಾಬಿಗೆ ಹೋಗಿ. ಲ್ಯಾಬಿನಿಂದ ಲ್ಯಾಬಿಗೆ ಮಿತಿಗಳು ಬೇರೆಯಾಗಿರುವುದರಿಂದ ಏರಿತೋ ಇಳಿಯಿತೋ ಎಂಬುದೇ ತಿಳಿಯದೆ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಜ್ವರ ಬಂದು ಹತ್ತಿರದ ಯಾವುದೋ ಆಸ್ಪತ್ರೆಗೆ ಧಾವಿಸಬೇಕಾದಾಗ, ನಿಮ್ಮ ಮಗುವನ್ನು ಮೊದಲ ಸಲ ನೋಡುವ ಡ್ಯೂಟಿ ಡಾಕ್ಟರಿಗೆ ಈ ನೋಟ್‌ಬುಕ್ ಒಂದು ದಪ್ಪ ಫೈಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಅಂಕಿಗಳನ್ನು ಜೋಡಿಸಿ ಓದಿ

ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಲಿವರ್ ಕಣಗಳ ಒಳಗಿರುವ ಕಿಣ್ವಗಳು. ಕಣಗಳಿಗೆ ಗಾಯವಾದರೆ ಅವು ಸೋರಿ ರಕ್ತಕ್ಕೆ ಬರುತ್ತವೆ. ಅಂದರೆ ಅವು ಗಾಯದ ಗುರುತು. ಲಿವರ್ ತನ್ನ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಅವು ಹೇಳುವುದಿಲ್ಲ. ಕೆಲಸದ ಸುದ್ದಿ ಹೇಳುವುದು ಬೇರೆ ಮೂರು: ಪಿತ್ತದ ಬಣ್ಣವಾದ ಬಿಲಿರುಬಿನ್, ಆಲ್ಬುಮಿನ್ ಎಂಬ ಪ್ರೋಟೀನ್, ಮತ್ತು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ತಿಳಿಸುವ ಪಿಟಿ ಐಎನ್‌ಆರ್. ಸಾಮಾನ್ಯವಾಗಿ ಒಟ್ಟು ಬಿಲಿರುಬಿನ್ 1.2ರ ಒಳಗೆ, ಆಲ್ಬುಮಿನ್ 3.5ರ ಮೇಲೆ, ಐಎನ್‌ಆರ್ 1ರ ಆಸುಪಾಸಿನಲ್ಲಿ ಇರುತ್ತವೆ.

ಎಸ್‌ಜಿಪಿಟಿ 210 ಇದ್ದು ಉಳಿದ ಮೂರೂ ನೆಟ್ಟಗಿದ್ದರೆ, ರೋಗಿ ಉಂಡು ತಿಂದು ಓಡಾಡಿಕೊಂಡಿದ್ದರೆ, ಆ ಅಂಕಿಯನ್ನು ಮುಂದಿನ ಭೇಟಿಯಲ್ಲೋ ಫೋನಿನಲ್ಲೋ ವೈದ್ಯರಿಗೆ ತಿಳಿಸಿದರೆ ಸಾಕು. ಅದೇ ಎಸ್‌ಜಿಪಿಟಿ 110 ಮಾತ್ರ ಇದ್ದು ಬಿಲಿರುಬಿನ್ 3 ದಾಟಿ, ಐಎನ್‌ಆರ್ ಏರಿದ್ದರೆ, ಚಿಕ್ಕ ಅಂಕಿಯೆಂದು ಸಮಾಧಾನಪಡುವಂತಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದು ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಅದರ ಜೊತೆ ಯಾವುದು ಏರಿದೆ, ಕಳೆದ ವಾರಕ್ಕಿಂತ ಎತ್ತ ಹೊರಟಿದೆ ಎನ್ನುವುದೇ ಮುಖ್ಯ.

ಐದನೆಯ ಹೆಜ್ಜೆ: ದಿನವೂ ನೋಡುವುದು, ಹೊರಡುವ ಹೊತ್ತನ್ನು ತಿಳಿಯುವುದು

ಬೆಳಗ್ಗೆ ಹಗಲು ಬೆಳಕಿನಲ್ಲಿ, ಜಗುಲಿಯಲ್ಲೋ ಕಿಟಕಿಯ ಬಳಿಯೋ ನಿಲ್ಲಿಸಿ ಕಣ್ಣಿನ ಬಿಳಿಭಾಗ ನೋಡಿ. ಮನೆಯೊಳಗಿನ ದೀಪದ ಬೆಳಕಿನಲ್ಲಿ ಹಳದಿ ತಿಳಿಯುವುದಿಲ್ಲ. ಬಿಲಿರುಬಿನ್ 2.5ರಿಂದ 3 ಮುಟ್ಟುವವರೆಗೆ ಕಣ್ಣಿಗೆ ಕಾಣುವುದೇ ಇಲ್ಲ ಎಂಬುದನ್ನೂ ನೆನಪಿಡಿ. ಮೂತ್ರ ಕಡು ಕಾಫಿಯ ಬಣ್ಣಕ್ಕೆ ತಿರುಗಿದೆಯೇ, ಮಲ ಬೂದಿ ಬಣ್ಣಕ್ಕೆ ಬಂದಿದೆಯೇ, ಮೈಯೆಲ್ಲ ಕಡಿತವೇ ಎಂದು ಕೇಳಿ. ಡೌನೊರುಬಿಸಿನ್ ಕೊಟ್ಟ ಒಂದೆರಡು ದಿನ ಮೂತ್ರ ಕೆಂಪಗೆ ಬರುವುದು ಔಷಧದ ಬಣ್ಣದಿಂದ. ಅದಕ್ಕೆ ಗಾಬರಿ ಬೇಡ. ಒಂದೇ ತಕ್ಕಡಿಯಲ್ಲಿ, ಬೆಳಗ್ಗೆ ಏನೂ ತಿನ್ನುವ ಮುನ್ನ ತೂಕ ನೋಡಿ ಬರೆದಿಡಿ.

ತೂಕದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಲಿವರಿನೊಳಗಿನ ಅತಿ ಸಣ್ಣ ರಕ್ತನಾಳಗಳ ಒಳಪದರ ಕೆಟ್ಟು ಅವು ಮುಚ್ಚಿಕೊಳ್ಳುವ ಒಂದು ತೊಡಕಿದೆ; ವೈದ್ಯರು ಅದನ್ನು ವಿಒಡಿ ಅಥವಾ ಎಸ್‌ಒಎಸ್ ಎನ್ನುತ್ತಾರೆ. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಲ್ಲಿ, ಹೆಚ್ಚಾಗಿ ಕಸಿಯಾದ ಮೊದಲ ಮೂರು ವಾರಗಳಲ್ಲಿ, ಮತ್ತು ಜೆಮ್ಟುಜುಮ್ಯಾಬ್, ಇನೊಟುಜುಮ್ಯಾಬ್ ಎಂಬ ಹೊಸ ಇಂಜೆಕ್ಷನ್ ಪಡೆದವರಲ್ಲಿ ಇದರ ಭಯ ಇರುತ್ತದೆ. ಕಣ್ಣು ಹಳದಿಯಾಗುವ ಮುನ್ನವೇ ತೂಕ ದಿನದಿಂದ ದಿನಕ್ಕೆ ಏರುವುದು, ಬಲ ಪಕ್ಕೆಯ ಕೆಳಗೆ ಮುಟ್ಟಿದರೆ ನೋಯುವುದು, ಹೊಟ್ಟೆ ಬಿಗಿಯುವುದು, ಪ್ಲೇಟ್‌ಲೆಟ್ ಎಷ್ಟು ಏರಿಸಿದರೂ ನಿಲ್ಲದಿರುವುದು ಇದರ ಗುರುತುಗಳು. ಊಟ ಸೇರದ ರೋಗಿಯ ತೂಕ ಏರುತ್ತಿದ್ದರೆ ಅದು ಮೈ ಹತ್ತಿದ್ದಲ್ಲ, ನೀರು ತುಂಬಿದ್ದು. ಡಿಫೈಬ್ರೊಟೈಡ್ ಎಂಬ ಔಷಧ ಇದಕ್ಕಿದೆ, ಬೇಗ ಶುರುಮಾಡಿದಷ್ಟೂ ಫಲ ಹೆಚ್ಚು.

ಕಾಯದೆ ಹೊರಡಬೇಕಾದ ಸಂದರ್ಭಗಳು ಇವು: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರವಾಗಿ ಮಾತು ತೊದಲಿದರೆ ಅಥವಾ ಮನೆಯವರ ಗುರುತು ತಪ್ಪಿದರೆ. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಗೆ ಬಂದರೆ. ಬೆನ್ನಿಗೆ ಬಡಿಯುವಂಥ ಹೊಟ್ಟೆನೋವು ಬಂದರೆ, ಏಕೆಂದರೆ ಆಸ್ಪರಾಜಿನೇಸ್ ಮೇದೋಜೀರಕ ಗ್ರಂಥಿಯನ್ನೂ ಕೆರಳಿಸುತ್ತದೆ. ತಡೆಯಲಾಗದ ತಲೆನೋವು, ಫಿಟ್ಸ್ ಅಥವಾ ಒಂದೇ ಕಾಲು ಊದಿದರೆ. 108ಕ್ಕೆ ಕರೆಮಾಡಿ, ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಗೂ ಫೋನ್ ಮಾಡಿ. ಮೈಸೂರು ತಲುಪಲು ಗಂಟೆಗೂ ಹೆಚ್ಚು ಹಿಡಿಯುವ ಊರಿನವರು, ಜ್ವರದ ಮೊದಲ ಆಂಟಿಬಯಾಟಿಕ್ ಇಂಜೆಕ್ಷನ್ ಎಲ್ಲಿ ಹತ್ತಿರದಲ್ಲಿ ಸಿಗುತ್ತದೆ ಎಂಬುದನ್ನು ನೆಮ್ಮದಿಯಾಗಿರುವ ದಿನವೇ ವೈದ್ಯರೊಡನೆ ಮಾತಾಡಿ ಗೊತ್ತುಮಾಡಿಕೊಂಡಿರಬೇಕು.

ಬಿಳಿ ರಕ್ತಕಣಗಳು ಮತ್ತೆ ಏರಿದ ಮೇಲೂ ಜ್ವರ ಬಿಡದೆ ಬಲಪಕ್ಕೆ ನೋಯುತ್ತಿದ್ದರೆ ಅದನ್ನೂ ಹೇಳಿ. ಕ್ಯಾಂಡಿಡಾ ಎಂಬ ಶಿಲೀಂಧ್ರ ಲಿವರ್ ಮತ್ತು ಗುಲ್ಮದಲ್ಲಿ ಬೀಡುಬಿಟ್ಟಾಗ ಹೀಗಾಗುತ್ತದೆ.

ಆರನೆಯ ಹೆಜ್ಜೆ: ಬಾಯಿಗೆ ಹೋಗುವ ಪ್ರತಿಯೊಂದನ್ನೂ ಹೇಳಿ

ಜ್ವರಕ್ಕೆ ಡೋಲೊ 650 ನುಂಗಿಸಿ ಬೆಳಗಾಗಲಿ ಎಂದು ಕಾಯುವುದು ಎರಡು ಬಗೆಯಲ್ಲಿ ಕೆಡುಕು. ಜ್ವರ ಮುಚ್ಚಿಹೋಗಿ ಸೋಂಕು ಒಳಗೇ ಬೆಳೆಯುತ್ತದೆ, ಮತ್ತು ಆ ಮಾತ್ರೆಯಲ್ಲಿರುವ ಪ್ಯಾರಸಿಟಮಾಲ್ ಪ್ರಮಾಣ ಮೀರಿದರೆ ಲಿವರಿಗೆ ನೇರ ವಿಷ. ಆರೋಗ್ಯವಂತ ವಯಸ್ಕರಿಗೇ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. ಈ 650ರ ಮಾತ್ರೆ ಆರು ತಿಂದರೆ 3.9 ಗ್ರಾಂ ಆಯಿತು. ನೆಗಡಿಗೆ ತಿನ್ನುವ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಸೇರಿರುವುದರಿಂದ ಲೆಕ್ಕ ತಪ್ಪುವುದು ಸುಲಭ. ಲಿವರ್ ಬಳಲಿರುವವರಿಗೆ ಮಿತಿ ಇನ್ನೂ ಕಡಿಮೆ. ಎಷ್ಟೆಂದು ನಿಮ್ಮ ವೈದ್ಯರೇ ಹೇಳಬೇಕು. ಜ್ವರ ಅಳೆದು, ಬರೆದು, ಫೋನ್ ಮಾಡಿದ ಮೇಲಷ್ಟೇ ಮಾತ್ರೆ.

ಇನ್ನು ನಾಟಿ ಔಷಧ. ಕಣ್ಣು ಹಳದಿಯಾಯಿತೆಂದರೆ ನಮ್ಮ ಸೀಮೆಯಲ್ಲಿ ಮೊದಲು ನೆನಪಾಗುವುದು ಪಕ್ಕದ ಊರಿನ ಕಾಮಾಲೆ ಔಷಧ ಕೊಡುವವರು. ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುಪಾಲು ತಾನಾಗಿಯೇ ವಾಸಿಯಾಗುವುದರಿಂದ, ಆ ಹೊತ್ತಿನಲ್ಲಿ ಕುಡಿದ ಸೊಪ್ಪಿನ ರಸಕ್ಕೆ ಹೆಸರು ಬಂದಿದೆ. ಅದನ್ನು ನಂಬಿದ ಹಿರಿಯರನ್ನು ನಾನು ಹಳಿಯುವುದಿಲ್ಲ. ಆದರೆ ಕೀಮೋ ನಡೆಯುತ್ತಿರುವ ದೇಹದ ಕಾಮಾಲೆ ಅದಲ್ಲ. ಏನು ಬೆರೆಸಿದ್ದಾರೆಂದು ತಿಳಿಯದ ರಸವೊಂದು, ಕೀಮೋ ಔಷಧವನ್ನು ಒಡೆಯುವ ಕಿಣ್ವಗಳನ್ನೇ ಕೆಣಕಬಹುದು. ತೊಳೆಯದ ಸೊಪ್ಪಿನ ಮಣ್ಣಿನಿಂದ ಸೋಂಕು ತಗಲಬಹುದು. ಒಳ್ಳೆಯದೆಂದೇ ಹೆಸರಾದ ಅಮೃತಬಳ್ಳಿ ಮತ್ತು ಅಶ್ವಗಂಧದಿಂದಲೂ ಕೆಲವರಲ್ಲಿ ಲಿವರ್ ಉರಿಯೂತ ಕಾಣಿಸಿಕೊಂಡದ್ದನ್ನು ವೈದ್ಯರು ದಾಖಲಿಸಿದ್ದಾರೆ. ಅಮೃತಬಳ್ಳಿಯ ಪ್ರಕರಣಗಳು ಕೊರೊನಾ ಕಾಲದಲ್ಲಿ ನಮ್ಮ ದೇಶದಲ್ಲೇ ಬೆಳಕಿಗೆ ಬಂದವು. ಕೈಗೆ ಬರೆ ಹಾಕಿಸುವುದಂತೂ ಬೇಡವೇ ಬೇಡ: ಪ್ಲೇಟ್‌ಲೆಟ್ ಇಲ್ಲದೆ, ಬಿಳಿಕಣ ಇಲ್ಲದೆ ಇರುವ ದೇಹದಲ್ಲಿ ಆ ಸುಟ್ಟ ಗಾಯ ಮಾಯುವುದಿಲ್ಲ, ಸೋಂಕಿನ ಬಾಗಿಲಾಗುತ್ತದೆ. ಈಗಾಗಲೇ ಏನಾದರೂ ಕುಡಿಸಿದ್ದರೆ, ಬೈಯುತ್ತಾರೆಂದು ಮುಚ್ಚಿಡದೆ, ಆ ಪೊಟ್ಟಣವನ್ನೇ ತಂದು ತೋರಿಸಿ.

"ರಕ್ತ ಕಮ್ಮಿಯಾಗಿದೆ" ಎಂದು ಕಬ್ಬಿಣದ ಟಾನಿಕ್ ಕುಡಿಸುವುದೂ ಇಂಥದೇ ತಪ್ಪು. ಏರಿಸುವ ಒಂದೊಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಹೆಚ್ಚಿನದೆಲ್ಲ ಲಿವರಿನಲ್ಲಿ ಕೂರುತ್ತದೆ. ಏರಿಸಿದ ಬಾಟಲಿಗಳ ಲೆಕ್ಕ 20ರ ಹತ್ತಿರ ಬಂದಾಗ, ದೇಹದಲ್ಲಿ ಕೂಡಿರುವ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ ಪರೀಕ್ಷೆಯ ಬಗ್ಗೆ ಕೇಳಿ.

ಏಳನೆಯ ಹೆಜ್ಜೆ: ಊಟ, ನೀರು, ಕಬ್ಬಿನ ಹಾಲು

ಮಂಡ್ಯ ಕಬ್ಬಿನ ನಾಡು. ಕಾಮಾಲೆಗೆ ಕಬ್ಬಿನ ಹಾಲು ಎಂಬ ಮಾತು ಇಲ್ಲಿ ಮನೆಮನೆಯದು. ರಸ್ತೆಬದಿಯ ಗಾಣದಲ್ಲಿ ಸಿಪ್ಪೆ ಸಮೇತ ಹಿಂಡಿ, ಎಲ್ಲಿಯದೋ ನೀರಿನ ಐಸ್ ಹಾಕಿ ಕೊಡುವ ಲೋಟ, ಬಿಳಿಕಣ ಇಳಿದವರಿಗೆ ಭೇದಿ ಜ್ವರ ತರುವುದಷ್ಟೇ ಅಲ್ಲ, ಹೆಪಟೈಟಿಸ್ ಎ, ಇ ವೈರಾಣುಗಳನ್ನೂ ತರಬಲ್ಲದು. ಸ್ಟೀರಾಯ್ಡ್ ಮತ್ತು ಆಸ್ಪರಾಜಿನೇಸ್ ಎರಡೂ ರಕ್ತದ ಸಕ್ಕರೆಯನ್ನು ಏರಿಸುವ ದಿನಗಳಲ್ಲಿ ಆ ಸಿಹಿಯೂ ಹೊರೆಯೇ. ನೀರನ್ನು ಕುದಿಸಿ ಆರಿಸಿ ಕೊಡಿ.

ಹಳದಿ ಬಂದವರಿಗೆ ಅರಿಶಿನ, ಎಣ್ಣೆ, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿಯಲ್ಲಿಡುವ ಪಥ್ಯದಿಂದ ಲಿವರ್ ಚೇತರಿಸಿಕೊಳ್ಳುವುದಿಲ್ಲ, ಸೊರಗುತ್ತದೆ. ಅದು ಮತ್ತೆ ಬೆಳೆಯಲು ಪ್ರೋಟೀನ್ ಬೇಕು. ಬಿಸಿಯಾದ ಮುದ್ದೆ, ಚೆನ್ನಾಗಿ ಬೆಂದ ಬೇಳೆ ಸಾರು, ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಕಾಯಿಸಿದ ಹಾಲು, ತಿನ್ನುವವರಿಗೆ ಆಗಷ್ಟೇ ಮಾಡಿದ ಕೋಳಿ ಸಾರು, ಇವೆಲ್ಲ ಸರಿ. ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದ ಕೆಡುಕಿಲ್ಲ. ಅರಿಶಿನದ ಸತ್ವದ ಮಾತ್ರೆಗಳು ಮಾತ್ರ ಬೇಡ. ಬೂಷ್ಟು ವಾಸನೆ ಹೊಡೆಯುವ ಕಡಲೆಕಾಯಿಯನ್ನು ಆರಿಸಿ ಬಳಸುವುದೂ ಬೇಡ, ಪೂರ್ತಿ ಎಸೆಯಿರಿ. ಮದ್ಯವನ್ನು ಒಂದು ಗುಟುಕೂ ಮುಟ್ಟಬಾರದು. ಮೆಥೊಟ್ರೆಕ್ಸೇಟ್ ತಿನ್ನುವವರಿಗೆ ಈ ಮಾತು ಎರಡು ಪಟ್ಟು ಅನ್ವಯ. ಮಿದುಳು ಮಂಪರಾಗುವಷ್ಟು ಲಿವರ್ ಬಳಲಿದ್ದಾಗ ಊಟದ ಕ್ರಮ ಬೇರೆ, ಅದನ್ನು ವಾರ್ಡಿನಲ್ಲೇ ಹೇಳಿಕೊಡುತ್ತಾರೆ.

ಎಂಟನೆಯ ಹೆಜ್ಜೆ: ಕೀಮೋ ಮುಂದೂಡಿದಾಗ

"ಈ ವಾರ ಇಂಜೆಕ್ಷನ್ ಬೇಡ, ಮುಂದಿನ ವಾರ ಬನ್ನಿ" ಎಂದಾಗ, ಬಸ್ ಹಿಡಿದು ಕೂಲಿ ಬಿಟ್ಟು ಬಂದವರಿಗೆ ಸಂಕಟವಾಗುವುದು ನನಗೆ ಗೊತ್ತು. ಆದರೂ ಆ ವಿರಾಮ ಚಿಕಿತ್ಸೆಯದೇ ಒಂದು ಭಾಗ. ವೈದ್ಯರು ಕಾರಣ ಹುಡುಕಲು ವೈರಾಣು ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಬರೆಯಬಹುದು, ಪ್ರಮಾಣ ಇಳಿಸಬಹುದು, ಪಿತ್ತ ಹರಿಯಲು ಅರ್ಸೊಡಿಆಕ್ಸಿಕೋಲಿಕ್ ಆಮ್ಲವನ್ನೋ, ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆಯನ್ನೋ ಕೊಡಬಹುದು. ಹೊರಡುವ ಮುನ್ನ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ: ಮನೆಯ ಮಾತ್ರೆಗಳಲ್ಲಿ ಯಾವುದು ನಿಲ್ಲಬೇಕು, ಯಾವುದು ಮುಂದುವರಿಯಬೇಕು? ಮುಂದಿನ ರಕ್ತಪರೀಕ್ಷೆ ಯಾವ ತಾರೀಖಿಗೆ? ಅಷ್ಟರೊಳಗೆ ತೊಂದರೆಯಾದರೆ ಯಾವ ನಂಬರಿಗೆ ಕರೆಮಾಡಬೇಕು? ನಿಲ್ಲಿಸಿದ್ದನ್ನು ಮತ್ತೆ ಶುರುಮಾಡಲು ಮರೆಯುವುದೂ ನಿಲ್ಲಿಸಬೇಕಾದ್ದನ್ನು ಮುಂದುವರಿಸುವುದೂ ಈ ಹಂತದಲ್ಲೇ ಆಗುವ ತಪ್ಪುಗಳು.

ಖರ್ಚಿನ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಲಿವರ್ ತೊಡಕಿಗಾಗಿ ದಾಖಲಾದಾಗ ಅದು ಯಾವ ಪ್ಯಾಕೇಜಿನಡಿ ಬರುತ್ತದೆ ಎಂಬುದನ್ನು ದಾಖಲಾದ ದಿನವೇ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕೇಳಿ. ಬಿಡುಗಡೆಯ ದಿನ ಕೇಳಿದರೆ ತಡವಾಗುತ್ತದೆ.

ಚಿಕಿತ್ಸೆ ಮುಗಿದ ಮೇಲೆ

ಕೊನೆಯ ಕೀಮೋ ಆದ ದಿನ ಮನೆಯಲ್ಲಿ ಹಬ್ಬ ಮಾಡಿ, ಆದರೆ ಹೆಪಟೈಟಿಸ್ ಬಿ ಮಾತ್ರೆಯನ್ನು ಮಾತ್ರ ಆ ಸಂತೋಷದಲ್ಲಿ ನಿಲ್ಲಿಸಬೇಡಿ. ಕೀಮೋ ಮುಗಿದ ಮೇಲೂ ಅದು 6ರಿಂದ 12 ತಿಂಗಳು, ರಿಟುಕ್ಸಿಮ್ಯಾಬ್ ಪಡೆದಿದ್ದರೆ ಅದಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ; ದೇಹದ ಕಾವಲು ಮರಳಿ ಬರುವ ಹೊತ್ತಿನಲ್ಲೇ ವೈರಾಣು ಮತ್ತು ದೇಹದ ನಡುವಿನ ಹೋರಾಟ ಲಿವರನ್ನು ಹೆಚ್ಚು ಸುಡುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ತಿಂಗಳು ರಕ್ತಪರೀಕ್ಷೆ ನಡೆಯಬೇಕು. ಕಬ್ಬಿಣ ಕೂಡಿಕೊಂಡವರಿಗೆ ಅದನ್ನು ಇಳಿಸುವ ಔಷಧ ಬೇಕೇ ಎಂಬುದನ್ನು, ಲಸಿಕೆಗಳನ್ನು ಮತ್ತೆ ಯಾವಾಗ ಹಾಕಿಸಬೇಕೆಂಬುದನ್ನು ಈ ಭೇಟಿಗಳಲ್ಲೇ ಕೇಳಿ. ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ. ಆ ಮಗು ದೊಡ್ಡದಾಗಿ ಇಪ್ಪತ್ತು ವರ್ಷಗಳ ಮೇಲೆ ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಹೋದಾಗ, ಯಾವ ಔಷಧ ಎಷ್ಟು ಬಿದ್ದಿತ್ತು, ಎಷ್ಟು ಬಾಟಲಿ ರಕ್ತ ಏರಿಸಿತ್ತು ಎಂದು ಅಲ್ಲಿನ ವೈದ್ಯರು ಕೇಳಿದರೆ ಉತ್ತರ ಸಿಗುವುದು ಅದರಲ್ಲೇ.